ಪೈಪ್ ಒಳಗೆ ಕೇಬಲ್ ಎಳೆಯುವಾಗ ಎಷ್ಟು ಕೆಜಿಗೆ ನಿಲ್ಲಿಸಬೇಕು?

ತಿಪಟೂರು ಸೈಟ್

ಎಲ್ಲರಿಗೂ ನಮಸ್ಕಾರ. ಸಣ್ಣ ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಹೋದ ವಾರ ಒಂದು ಕೇಬಲ್ ಹಾಳು ಮಾಡಿಕೊಂಡೆ. ಎಲ್ಲಿ ತಪ್ಪಿದೆ ಅಂತ ತಿಳಿದುಕೊಳ್ಳದೆ ಮತ್ತೆ ಎಳೆಯಲು ಮನಸ್ಸಾಗುತ್ತಿಲ್ಲ.

ಕೆಲಸ ಹೀಗಿದೆ. ಪ್ಯಾನೆಲ್ ರೂಮಿನಿಂದ ಪಂಪ್ ಹೌಸ್‌ಗೆ 3.5 ಕೋರ್ (ಮೂರು ಫೇಸ್, ಅರ್ಧ ಅಳತೆಯ ಒಂದು ನ್ಯೂಟ್ರಲ್), 70 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್, ಅಂದರೆ ಸಿಪ್ಪೆಯೊಳಗೆ ಲೋಹದ ಪಟ್ಟಿ ಸುತ್ತಿದ್ದು. ನೆಲದಡಿ 110 ಎಂಎಂ ಪೈಪ್ ಮೊದಲೇ ಹಾಕಿತ್ತು. ಪ್ಯಾನೆಲ್ ರೂಮಿನಿಂದ 10 ಮೀಟರ್ ನೇರ, ಆಮೇಲೆ ಒಂದು 90 ಡಿಗ್ರಿ ಎಲ್ಬೋ, ಅಲ್ಲಿಂದ 80 ಮೀಟರ್ ನೇರ. ಪಂಪ್ ಹೌಸ್ ಪಕ್ಕ ಲಾರಿ ಬರುತ್ತದೆ ಅಂತ ಕೇಬಲ್ ಸುತ್ತಿದ ಡ್ರಮ್ ಅಲ್ಲೇ ಇಳಿಸಿದೆವು. ಪ್ಯಾನೆಲ್ ರೂಮ್ ಕಡೆಯಿಂದ ಎಳೆದೆವು. ಎಂಟು ಜನ ಎಳೆದರೂ ಎಲ್ಬೋ ಹತ್ತಿರ ಬಂದು ನಿಂತುಬಿಟ್ಟಿತು. ಅಷ್ಟರಲ್ಲಿ ಸಂಜೆ ಆಗಿತ್ತು. ಟ್ರ್ಯಾಕ್ಟರ್‌ಗೆ ಕಟ್ಟಿದೆವು. ಡ್ರೈವರ್ ಸ್ವಲ್ಪ ಆಕ್ಸಿಲರೇಟರ್ ಕೊಟ್ಟ, ಹಗ್ಗ ಬಿಗಿಯಾಗಿ ಒಂದು ಕ್ಷಣ ನಿಂತು, ಆಮೇಲೆ ದಡ್ ಅಂತ ಕೇಬಲ್ ಬಂತು. ಎಲ್ಲರಿಗೂ ಖುಷಿ.

ಮಾರನೇ ದಿನ ಇನ್ಸುಲೇಶನ್ ಪರೀಕ್ಷಿಸುವ 1000 ವೋಲ್ಟ್ ಮೆಗ್ಗರ್ ಹಾಕಿದರೆ ಎರಡು ಫೇಸ್ ಚೆನ್ನಾಗಿದೆ, ಒಂದು ಫೇಸ್ ಆರ್ಮರ್‌ಗೆ ಬರೀ 2 ಮೆಗಾಓಮ್. ಕೇಬಲ್ ಹೊರಗೆ ತೆಗೆದು ನೋಡಿದೆ. ಸುಮಾರು ಒಂದು ಮೊಳದಷ್ಟು ಉದ್ದ ಹೊರಗಿನ ಕಪ್ಪು ಸಿಪ್ಪೆ ಒಂದೇ ಪಕ್ಕಕ್ಕೆ ಸವೆದು ಹೋಗಿದೆ. ಅಲ್ಲಿ ಕೇಬಲ್ ದುಂಡಗಿಲ್ಲ, ಕೈಯಲ್ಲಿ ಹಿಡಿದರೆ ಚಪ್ಪಟೆ ಗೊತ್ತಾಗುತ್ತದೆ. ಆರ್ಮರ್ ಪಟ್ಟಿಗಳು ಬಾಯಿ ಬಿಟ್ಟಿವೆ. ಎಲ್ಬೋ ಅಗೆದು ಕುಯ್ದು ನೋಡಿದೆ. ಒಳಮಗ್ಗುಲಲ್ಲಿ ಹಗ್ಗ ಕೊರೆದ ಗೆರೆ ಇದೆ, ಅರ ಹಾಕಿ ಉಜ್ಜಿದ ಹಾಗೆ.

ನನ್ನ ಪ್ರಶ್ನೆ ಇಷ್ಟೇ. ಎಷ್ಟು ಕೆಜಿ ಎಳೆತಕ್ಕೆ ನಿಲ್ಲಿಸಬೇಕು ಅಂತ ಮೊದಲೇ ಲೆಕ್ಕ ಹಾಕುವುದು ಹೇಗೆ?

ಹಳೇ ಲೈನ್‌ಮ್ಯಾನ್, ಮಂಡ್ಯ

ತಮ್ಮಾ, ನೀವು ಕೇಬಲ್ ಹೊರಗೆ ತೆಗೆದು ನೋಡಿ ಇಷ್ಟು ವಿವರವಾಗಿ ಬರೆದಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಮೆಗ್ಗರ್ ಹಾಕದೆ ಕರೆಂಟ್ ಕೊಟ್ಟು ಹೋಗುತ್ತಾರೆ. ಮೊದಲ ಮಳೆಗೆ ನೀರು ಇಳಿಯುತ್ತದೆ, ಆಮೇಲೆ ರಾತ್ರಿ ಹೊತ್ತು ಫಾಲ್ಟ್ ಹುಡುಕಲು ನಮ್ಮಂಥವರು ಹೋಗಬೇಕು.

ಟ್ರ್ಯಾಕ್ಟರ್‌ಗೆ ಕಟ್ಟಿದಾಗಲೇ ತಪ್ಪಾಯಿತು. ಟ್ರ್ಯಾಕ್ಟರ್ ಕಮ್ಮಿ ಎಳೆಯುತ್ತದೆ, ಜಾಸ್ತಿ ಎಳೆಯುತ್ತದೆ ಅನ್ನುವುದಲ್ಲ ವಿಷಯ. ಅದರ ಕ್ಲಚ್ ಬಿಟ್ಟಾಗ ಬೀಳುವ ಜಗ್ಗು ಎಷ್ಟು ಅಂತ ಡ್ರೈವರ್‌ಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಎಂಟು ಜನ ಎಳೆದರೂ ಬರಲಿಲ್ಲ ಅಂದರೆ ಕೇಬಲ್ಲೇ ನಿಮಗೆ ಬೇಡ ಅಂತ ಹೇಳಿತ್ತು.

ಇನ್ನೊಂದು ಕೇಳಬೇಕು. ಕೇಬಲ್ ತುದಿಗೆ ಹಗ್ಗ ಹೇಗೆ ಕಟ್ಟಿದಿರಿ? ಎಲ್ಬೋ ರೇಡಿಯಸ್ ಎಷ್ಟು?

ತಿಪಟೂರು ಸೈಟ್

ಅಣ್ಣಾ, ನೈಲಾನ್ ಹಗ್ಗ ನಾಲ್ಕು ಸುತ್ತು ಸುತ್ತಿ, ಗಂಟು ಹಾಕಿ, ಮೇಲೆ ಟೇಪ್ ಹೊಡೆದಿದ್ದೆವು. ಕೇಬಲ್ ಸಾಕ್ಸ್ (ಎಳೆಯಲು ತುದಿಗೆ ತೊಡಿಸುವ ತಂತಿ ಬಲೆ) ಇರಲಿಲ್ಲ. ಎಲ್ಬೋ ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಸಾಮಾನ್ಯದ್ದು. ಈಗ ಅಳೆದೆ, ರೇಡಿಯಸ್ 150 ಎಂಎಂ ಇರಬಹುದು. ಕೇಬಲ್ ಹೊರಗಿನ ಅಳತೆ 36 ಎಂಎಂ. ತೂಕ ಮೀಟರ್‌ಗೆ 2 ಕೆಜಿ ಹತ್ತಿರ.

ಮಸ್ಕತ್ ಕನ್ನಡಿಗ

ನಮಸ್ಕಾರ. ನಾನು ಇಲ್ಲಿ ಕೇಬಲ್ ಹಾಕುವ ಕೆಲಸದಲ್ಲೇ ಇದ್ದೇನೆ, ಊರು ಬೈಂದೂರು. ನೀವು ಅಳತೆ ಎಲ್ಲ ಕೊಟ್ಟಿದ್ದರಿಂದ ಲೆಕ್ಕ ಮಾಡಿಯೇ ತೋರಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಕೇಬಲ್ ಎಷ್ಟು ಎಳೆತ ತಡೆಯುತ್ತದೆ ಅಂತ ನೋಡೋಣ. ಕೇಬಲ್ ಹಾಕುವುದಕ್ಕೆ ಇರುವ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 1255ರಲ್ಲಿ ಇದು ಸ್ಪಷ್ಟವಾಗಿ ಇದೆ. ಕಂಡಕ್ಟರ್‌ಗೇ (ಒಳಗಿನ ಲೋಹಕ್ಕೇ) ಪುಲ್ಲಿಂಗ್ ಐ ಅನ್ನುವ ಕೊಂಡಿ ಹಾಕಿ ಎಳೆದರೆ ತಾಮ್ರಕ್ಕೆ ಸ್ಕ್ವೇರ್ ಎಂಎಂಗೆ 50 ನ್ಯೂಟನ್, ಅಲ್ಯೂಮಿನಿಯಂಗೆ 30 ನ್ಯೂಟನ್. ನಿಮ್ಮದು ಅಲ್ಯೂಮಿನಿಯಂ. ಮೂರು ಫೇಸ್ ಮಾತ್ರ ಹಿಡಿಯೋಣ, ಅರ್ಧ ನ್ಯೂಟ್ರಲ್ ಬಿಡೋಣ. 3 ಗುಣಿಸು 70, ಅಂದರೆ 210. ಅದನ್ನು 30ರಿಂದ ಗುಣಿಸಿದರೆ 6300 ನ್ಯೂಟನ್. ಸೈಟ್ ಲೆಕ್ಕಕ್ಕೆ 10 ನ್ಯೂಟನ್ ಅಂದರೆ 1 ಕೆಜಿ ಅಂತ ಹಿಡಿದರೆ ಸಾಕು. 630 ಕೆಜಿ ಆಯಿತು.

ಸಾಕ್ಸ್ ಹಾಕಿ ಎಳೆದರೆ ಬೇರೆ ಸೂತ್ರ. ಪಿವಿಸಿ, ಎಕ್ಸ್‌ಎಲ್‌ಪಿಇ (ಎರಡೂ ಪ್ಲಾಸ್ಟಿಕ್ ಇನ್ಸುಲೇಶನ್) ಆರ್ಮರ್ಡ್ ಕೇಬಲ್‌ಗೆ ವ್ಯಾಸದ ವರ್ಗವನ್ನು 9ರಿಂದ ಗುಣಿಸಬೇಕು. ಆರ್ಮರ್ ಇಲ್ಲದಿದ್ದರೆ 5ರಿಂದ. 36ರ ವರ್ಗ 1296, ಅದರ 9 ಪಟ್ಟು 11,664 ನ್ಯೂಟನ್. ಎರಡೂ ಲೆಕ್ಕ ಮಾಡಿ ಕಡಿಮೆ ಇರುವುದನ್ನು ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಹಾಗಾಗಿ 630 ಕೆಜಿ.

ಇಲ್ಲಿಗೇ ನಿಲ್ಲಿಸುವವರು ಬಹಳ ಜನ. 630 ಕೆಜಿ ತಡೆಯುತ್ತದಲ್ಲ, ಎಳೀರಿ ಅನ್ನುತ್ತಾರೆ. ಆದರೆ ನಿಮ್ಮ ಕೇಬಲ್ ತುಂಡಾಗಲಿಲ್ಲ ಅಲ್ವಾ? ಚಪ್ಪಟೆ ಆಯಿತು. ತಿರುವಿನಲ್ಲಿ ಒಳಮಗ್ಗುಲಿಗೆ ಒತ್ತಿಕೊಂಡು ಜಜ್ಜಿಹೋಯಿತು. ಆ ಒತ್ತಡಕ್ಕೆ ಬೇರೆಯೇ ಮಿತಿ ಇದೆ. ಲೆಕ್ಕ ಬಹಳ ಸುಲಭ: ತಿರುವಿನಿಂದ ಹೊರಗೆ ಬರುವಾಗ ಇರುವ ಎಳೆತವನ್ನು ತಿರುವಿನ ರೇಡಿಯಸ್‌ನಿಂದ ಭಾಗಿಸಬೇಕು. ಅಮೆರಿಕದವರು 600 ವೋಲ್ಟ್ ಕೇಬಲ್‌ಗೆ ಸಾಮಾನ್ಯವಾಗಿ ಅಡಿಗೆ 300ರಿಂದ 500 ಪೌಂಡ್ ಅಂತ ಇಟ್ಟುಕೊಳ್ಳುತ್ತಾರೆ. 300 ಪೌಂಡ್ ಅಂದರೆ ಮೀಟರ್‌ಗೆ ಸುಮಾರು 4400 ನ್ಯೂಟನ್. ತಯಾರಕರ ಹಾಳೆಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆ ಮಾತು.

ನಿಮ್ಮ ಎಲ್ಬೋ 150 ಎಂಎಂ. 4400 ಗುಣಿಸು 0.15, ಅಂದರೆ 660 ನ್ಯೂಟನ್. ಬರೀ 66 ಕೆಜಿ! ಕೇಬಲ್ ತುದಿ 630 ಕೆಜಿ ತಡೆಯುತ್ತದೆ, ಆದರೆ ಆ ಎಲ್ಬೋದಲ್ಲಿ 66 ಕೆಜಿಗೇ ಮಿತಿ ಮುಗಿಯಿತು. ಎಂಟು ಜನ ಎಳೆದಾಗಲೇ ಅದನ್ನು ದಾಟಿರುತ್ತೀರಿ, ಟ್ರ್ಯಾಕ್ಟರ್ ಬರುವ ಮೊದಲೇ.

ಆ ಎಲ್ಬೋ ಇಲ್ಲಿ ಇರಲೇಬಾರದು, ಅದು ಬೇರೆ ಮಾತು. ಇಂಥ ಮಲ್ಟಿಕೋರ್ ಕೇಬಲ್‌ಗೆ ಬೆಂಡ್ ರೇಡಿಯಸ್ ವ್ಯಾಸದ 12 ಪಟ್ಟಾದರೂ ಬೇಕು. 36 ಎಂಎಂಗೆ 432 ಎಂಎಂ.

ಟ್ರೈನಿ ಜೆಇ, ಹಾಸನ

ಸರ್, ನಾನು ಕೆಲಸಕ್ಕೆ ಸೇರಿ ಆರು ತಿಂಗಳು. ಎಳೆತ ತಿರುವಿನಲ್ಲಿ ಎಷ್ಟು ಜಾಸ್ತಿ ಆಗುತ್ತದೆ ಅಂತ ಹೇಗೆ ಹಿಡಿಯುವುದು? ಕಾಲೇಜಿನಲ್ಲಿ ಬೆಲ್ಟ್ ಮತ್ತು ರಾಟೆ ಲೆಕ್ಕ ಮಾಡಿದ್ದೆವು, ಅದೇನಾ?

ಮಸ್ಕತ್ ಕನ್ನಡಿಗ

ಅದೇ ಮೇಡಂ, ಸರಿಯಾಗಿ ಹಿಡಿದಿರಿ. ಬಾವಿ ರಾಟೆ ತಿರುಗದೆ ಜಾಮ್ ಆದಾಗ ಕೊಡ ಎಳೆಯುವುದು ಎಷ್ಟು ಕಷ್ಟ, ಹಾಗೆ. ತಿರುವಿನೊಳಗೆ ಹೋಗುವಾಗ ಇರುವ ಎಳೆತ ಹೊರಗೆ ಬರುವಾಗ ಇಷ್ಟು ಪಟ್ಟು ಆಗುತ್ತದೆ. ಎಷ್ಟು ಪಟ್ಟು ಅನ್ನುವುದು ಘರ್ಷಣೆ ಮತ್ತು ತಿರುವಿನ ಕೋನ, ಎರಡರ ಮೇಲೆ ಮಾತ್ರ ನಿಂತಿದೆ. ಒಣ ಪೈಪ್‌ಗೆ ಘರ್ಷಣೆ ಅಂಕ 0.5 ಅಂತ ಹಿಡಿದರೆ ಒಂದು 90 ಡಿಗ್ರಿ ತಿರುವಿಗೆ 2.19 ಪಟ್ಟು. ಎರಡು ತಿರುವಿಗೆ 4.8 ಪಟ್ಟು. ನಾಲ್ಕು ತಿರುವಿಗೆ 23 ಪಟ್ಟು. ಇದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಅಮೆರಿಕದ ಕೋಡ್‌ನಲ್ಲಿ ಎರಡು ಪುಲ್ ಬಾಕ್ಸ್ (ನಡುವೆ ಕೇಬಲ್ ಎಳೆಯಲು ಇಡುವ ಡಬ್ಬಿ) ನಡುವೆ ಒಟ್ಟು ತಿರುವು 360 ಡಿಗ್ರಿ ದಾಟಬಾರದು ಅಂತ ಇರುವುದನ್ನು ಓದಿರಬಹುದು.

ಈಗ ತಿಪಟೂರಿನವರ ಕೆಲಸಕ್ಕೆ ಹಾಕೋಣ. ಮೀಟರ್‌ಗೆ 2 ಕೆಜಿ, ಘರ್ಷಣೆ 0.5. ಅಂದರೆ ನೇರ ಪೈಪಿನಲ್ಲಿ ಪ್ರತಿ ಮೀಟರ್‌ಗೆ 1 ಕೆಜಿ ಎಳೆತ.

ಅವರು ಡ್ರಮ್ ಇಟ್ಟಿದ್ದು ಪಂಪ್ ಹೌಸ್ ಕಡೆ. ಮೊದಲು 80 ಮೀಟರ್ ನೇರ, 80 ಕೆಜಿ. ಎಲ್ಬೋದಲ್ಲಿ ಅದು 2.19 ಪಟ್ಟಾಗಿ 175. ಆಮೇಲೆ 10 ಮೀಟರ್, ಒಟ್ಟು 185 ಕೆಜಿ. ಡ್ರಮ್ ಪ್ಯಾನೆಲ್ ರೂಮ್ ಕಡೆ ಇಟ್ಟಿದ್ದರೆ? ಮೊದಲು 10 ಮೀಟರ್, 10 ಕೆಜಿ. ಎಲ್ಬೋದಲ್ಲಿ 22. ಆಮೇಲೆ 80 ಮೀಟರ್, ಒಟ್ಟು 102 ಕೆಜಿ.

ಕೊನೆಯ ಅಂಕಿಗಿಂತ ಎಲ್ಬೋದ ಅಂಕಿ ನೋಡಿ. ಒಂದು ಕಡೆಯಿಂದ ಎಳೆದರೆ 175, ಇನ್ನೊಂದು ಕಡೆಯಿಂದ 22. ಅದೇ ಪೈಪ್, ಅದೇ ಕೇಬಲ್, ಅದೇ ದರಿದ್ರ ಎಲ್ಬೋ. ಡ್ರಮ್ ಇನ್ನೊಂದು ತುದಿಯಲ್ಲಿ ಇದ್ದಿದ್ದರೆ 66ರ ಮಿತಿಯೊಳಗೇ ಬರುತ್ತಿತ್ತು. ತಿರುವು ಯಾವ ತುದಿಗೆ ಹತ್ತಿರ ಇದೆಯೋ ಆ ತುದಿಯಲ್ಲಿ ಡ್ರಮ್ ಇಡಬೇಕು. ಲಾರಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಡ್ರಮ್ ಇಳಿಸಬೇಡಿ, ದಯವಿಟ್ಟು.

ತಿಪಟೂರು ಸೈಟ್

ಸರ್, ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಡ್ರಮ್ ಯಾವ ಕಡೆ ಅಂತ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ದಾವಣಗೆರೆ ವೈರಿಂಗ್

ನಾನು ಮನೆ ವೈರಿಂಗ್ ಮಾಡುವವನು. ಇಲ್ಲಿ ದೊಡ್ಡ ಕೇಬಲ್ ಮಾತು ನಡೆಯುತ್ತಿದೆ, ಆದರೆ ಆ 23 ಪಟ್ಟು ಓದಿದ ಮೇಲೆ ನಮ್ಮ ಕೆಲಸವೂ ಅದೇ ಅನಿಸಿತು. ಸ್ಲ್ಯಾಬ್‌ನಿಂದ ಗೋಡೆಗೆ, ಗೋಡೆಯಿಂದ ಸ್ವಿಚ್ ಬಾಕ್ಸ್‌ಗೆ ನಾಲ್ಕು ಬೆಂಡ್ ಸಾಮಾನ್ಯ. ಹುಡುಗ ಕಾಯಿಲ್ ಹಿಡಿದು ಕೂತಿರುತ್ತಾನೆ. ಅವನು ಕಾಯಿಲ್ ಬಿಚ್ಚದೆ 1 ಕೆಜಿಯಷ್ಟು ಹಿಂದಕ್ಕೆ ಹಿಡಿದರೂ ಈ ಕಡೆ ನನಗೆ 23 ಕೆಜಿ ಬರುತ್ತದೆ ಅಂತಾಯಿತು. ಅದಕ್ಕೇ ನಾನು "ಬಿಡೋ, ಬಿಡೋ" ಅಂತ ಕೂಗುವುದು!

2.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ 50 ನ್ಯೂಟನ್ ಲೆಕ್ಕದಲ್ಲಿ 125 ನ್ಯೂಟನ್, ಅಂದರೆ 12 ಕೆಜಿ ಚಿಲ್ಲರೆ. 1.5ಕ್ಕೆ ಏಳೂವರೆ ಕೆಜಿ. ಮೂರು ವೈರ್ ಒಟ್ಟಿಗೆ ಎಳೆದರೆ ಮೂರೂ ಸಮ ಭಾರ ಹೊರುವುದಿಲ್ಲ, ಒಂದು ಯಾವಾಗಲೂ ಸಡಿಲ ಇರುತ್ತದೆ. ಹಾಗಾಗಿ ಎರಡನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಜಾಸ್ತಿ ಎಳೆದ ವೈರ್ ಹೇಗಿರುತ್ತದೆ ಅಂತ ನನ್ನ ಕಣ್ಣಾರೆ ನೋಡಿದ್ದೇನೆ. ಒಂದು ಮನೆಯಲ್ಲಿ ಗೀಸರ್ ಪಾಯಿಂಟ್ ಪದೇ ಪದೇ ಬಿಸಿ ಆಗುತ್ತಿತ್ತು. ವೈರ್ ಹೊರಗೆ ಎಳೆದು ಬೆರಳಲ್ಲಿ ಸವರಿಕೊಂಡು ಹೋದೆ. ಒಂದು ಕಡೆ ಸಣ್ಣಗಾಗಿತ್ತು, ಒಳಗೆ ಎಳೆಗಳು ಹಿಗ್ಗಿ ಎರಡು ಎಳೆ ತುಂಡಾಗಿದ್ದವು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಟಾಲ್ಕಂ ಪೌಡರ್ ಹಾಕಿದರೆ ಬಹಳ ವ್ಯತ್ಯಾಸ ಆಗುತ್ತದೆ. ಕೆಲವರು ಸೋಪಿನ ನೀರು ಹಾಕುತ್ತಾರೆ, ಅದು ಹೇಗೆ?

ಹಳೇ ಲೈನ್‌ಮ್ಯಾನ್, ಮಂಡ್ಯ

ಸೋಪು ಬೇಡ. ಎಳೆಯುವಾಗ ಜಾರುತ್ತದೆ, ಒಣಗಿದ ಮೇಲೆ ಅಂಟಾಗುತ್ತದೆ. ಮುಂದೆ ಆ ವೈರ್ ಬದಲಿಸಬೇಕು ಅಂದರೆ ಪೈಪ್‌ನಿಂದ ಬರುವುದಿಲ್ಲ. ಗ್ರೀಸ್, ಹಳೇ ಇಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಎಣ್ಣೆ ಕುಡಿದ ಸಿಪ್ಪೆ ಊದಿಕೊಂಡು ಕೆಡುತ್ತದೆ. ನಮ್ಮ ಕಾಲದಲ್ಲಿ ಎಷ್ಟೋ ಕಡೆ ಗ್ರೀಸ್ ಹಚ್ಚಿ ಎಳೆದಿದ್ದಾರೆ, ಆ ಕೇಬಲ್‌ಗಳ ಗತಿಯನ್ನೂ ನೋಡಿದ್ದೇನೆ. ಕೇಬಲ್ ಎಳೆಯಲು ಅಂತಲೇ ನೀರಿನಲ್ಲಿ ಮಾಡಿದ ಜೆಲ್ ಡಬ್ಬಿಯಲ್ಲಿ ಸಿಗುತ್ತದೆ. ಅದನ್ನು ತನ್ನಿ. ಹಚ್ಚುವುದು ಕೇಬಲ್‌ಗೆ ಮಾತ್ರ ಅಲ್ಲ, ಪೈಪ್‌ಗೆ ಮೊದಲೇ ಸುರಿದು ಒಂದು ಬಟ್ಟೆ ಉಂಡೆ ಎಳೆದು ಒಳಗೆಲ್ಲ ಸವರಬೇಕು. ಹಾಗೆ ಎಳೆದಾಗ ಪೈಪ್ ಒಳಗಿನ ಮಣ್ಣು, ಜಲ್ಲಿ ಚೂರೂ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಕಂಬದ ಮೇಲಿನ 11 ಕೆವಿ ಲೈನ್ ತೆಗೆದು ನೆಲದಡಿ ಕೇಬಲ್ ಹಾಕುವ ಕೆಲಸ ನೋಡಿದ್ದೇನೆ. ರಸ್ತೆ ಅಗೆಯದೆ ಮೆಷಿನ್‌ನಲ್ಲಿ ತೂತು ಕೊರೆದು ಪೈಪ್ ತೂರಿಸುತ್ತಾರೆ. ನಕ್ಷೆಯಲ್ಲಿ ನೇರ ಗೆರೆ. ನಿಜದಲ್ಲಿ ಪೈಪ್ ಒಂದು ಕಡೆ ಕೆಳಗೆ ಇಳಿದು, ರಸ್ತೆ ಕೆಳಗೆ ಹೋಗಿ, ಆ ಕಡೆ ಮೇಲೆ ಏಳುತ್ತದೆ. ಬಂಡೆ ಸಿಕ್ಕಿದರೆ ಅಕ್ಕಪಕ್ಕ ಸರಿಯುತ್ತದೆ. ಆ ಇಳಿತ, ಏರು, ಓರೆ ಎಲ್ಲವೂ ತಿರುವೇ. ಸುರುಳಿಯಲ್ಲಿ ಬರುವ ಪೈಪ್ ಟ್ರೆಂಚ್‌ನಲ್ಲಿ ಹಾವಿನ ಹಾಗೆ ಮಲಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೇರ ಅಂತ ಬರೆದ ಮಾತ್ರಕ್ಕೆ ನೇರ ಆಗುವುದಿಲ್ಲ.

ಟ್ರೈನಿ ಜೆಇ, ಹಾಸನ

ನಮ್ಮ ಸೈಟ್‌ನಲ್ಲಿ ಮೂರು ಸಿಂಗಲ್ ಕೋರ್ ಕೇಬಲ್, ಒಂದೊಂದು 18 ಎಂಎಂ, 53 ಎಂಎಂ ಒಳಅಳತೆಯ ಪೈಪಿನಲ್ಲಿ ಎಳೆದೆವು. ಜಾಗ ಬೇಕಾದಷ್ಟಿತ್ತು. ಆದರೂ ಬೆಂಡ್‌ನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು. ಯಾಕೆ ಅಂತ ಯಾರೂ ಹೇಳಲಿಲ್ಲ.

ಮಸ್ಕತ್ ಕನ್ನಡಿಗ

53ನ್ನು 18ರಿಂದ ಭಾಗಿಸಿ. 2.94 ಬರುತ್ತದೆ. ಮೂರು ಕೇಬಲ್ ಇರುವಾಗ ಈ ಅಂಕಿ 2.8ರಿಂದ 3.2ರ ನಡುವೆ ಬಂದರೆ ಅಪಾಯ. ನೇರ ಪೈಪಿನಲ್ಲಿ ಮೂರೂ ಒಲೆಗುಂಡಿನ ಹಾಗೆ ಕೂತಿರುತ್ತವೆ. ಬೆಂಡ್‌ಗೆ ಬಂದಾಗ ನಡುವಿನದು ಉಳಿದೆರಡರ ಮಧ್ಯೆ ನುಗ್ಗುತ್ತದೆ, ಮೂರೂ ಒಂದೇ ಸಾಲಿಗೆ ಬರುತ್ತವೆ. ಸಾಲಿನ ಅಗಲವೂ ಪೈಪಿನ ಅಗಲವೂ ಒಂದೇ ಆದಾಗ ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳುತ್ತದೆ. ಇಂಥ ಕಡೆ ಎಳೆತದ ಯಾವ ಮಿತಿಯೂ ಕಾಪಾಡುವುದಿಲ್ಲ. ಪೈಪ್ ಅಳತೆಯನ್ನೇ ಬದಲಿಸಬೇಕು.

ತಿಪಟೂರು ಸೈಟ್

ಲೆಕ್ಕ ಅರ್ಥ ಆಯಿತು. ಆದರೆ ಸೈಟ್‌ನಲ್ಲಿ ಎಷ್ಟು ಎಳೆಯುತ್ತಿದ್ದೇವೆ ಅಂತ ನೋಡುವುದು ಹೇಗೆ? ಮೀಟರ್ ಇರುವ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ನನ್ನಂಥವನು ಕೊಳ್ಳಲು ಆಗುವುದಿಲ್ಲ.

ದಾವಣಗೆರೆ ವೈರಿಂಗ್

ಅಣ್ಣಾ, ಮಂಡಿಯಲ್ಲಿ ಮೂಟೆ ತೂಗುವ ನೇತು ಹಾಕುವ ಡಿಜಿಟಲ್ ತಕ್ಕಡಿ ಇದೆಯಲ್ಲ, ಎರಡು ಕಡೆ ಕೊಂಡಿ ಇರುವುದು. 300 ಕೆಜಿದು, 500 ಕೆಜಿದು ಸಿಗುತ್ತದೆ. ಬಾಡಿಗೆಗೂ ಕೊಡುತ್ತಾರೆ. ಹಗ್ಗ ಮತ್ತು ಕೈ ವಿಂಚ್ ನಡುವೆ ಹಾಕಿಬಿಡಿ. ನಾನು ಒಂದು ಸಲ ಸುಮ್ಮನೆ ನಮ್ಮ ಹುಡುಗನಿಗೆ ಎಳೆಯಲು ಹೇಳಿ ನೋಡಿದೆ, 35 ಕೆಜಿ ತೋರಿಸಿತು. ಎಂಟು ಜನ ಅಂದರೆ ನೀವೇ ಲೆಕ್ಕ ಹಾಕಿ.

ಮಸ್ಕತ್ ಕನ್ನಡಿಗ

ಒಳ್ಳೆಯ ಉಪಾಯ. ಅತಿ ಜಾಸ್ತಿ ಅಂಕಿಯನ್ನು ಹಿಡಿದಿಟ್ಟುಕೊಳ್ಳುವ ಗುಂಡಿ ಇರುವ ತಕ್ಕಡಿಯನ್ನೇ ತನ್ನಿ, ಆಗ ಬಿಗಿದ ಹಗ್ಗದ ಹತ್ತಿರ ಹೋಗಿ ಬಗ್ಗಿ ನೋಡುವ ಅಗತ್ಯ ಇರುವುದಿಲ್ಲ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಿ. ನೈಲಾನ್ ಹಗ್ಗ ರಬ್ಬರ್ ಹಾಗೆ ಹಿಗ್ಗುತ್ತದೆ. ತುಂಡಾದರೆ ಅಥವಾ ಗಂಟು ಬಿಚ್ಚಿಕೊಂಡರೆ ಕೊಂಡಿ ಸಮೇತ ವಾಪಸ್ ಹಾರುತ್ತದೆ. ನಿಮ್ಮ ಟ್ರ್ಯಾಕ್ಟರ್ ದಿನ ಯಾರಿಗೂ ಪೆಟ್ಟಾಗದಿದ್ದದ್ದು ದೊಡ್ಡದು. ಪಾಲಿಯೆಸ್ಟರ್ ಹಗ್ಗ ಅಷ್ಟು ಹಿಗ್ಗುವುದಿಲ್ಲ. ಸಾಕ್ಸ್ ಮತ್ತು ಹಗ್ಗದ ನಡುವೆ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ, ಹಗ್ಗದ ಹುರಿ ಬಿಚ್ಚುವಾಗ ಕೇಬಲ್ ತಿರುಚುವುದಿಲ್ಲ.

ಈಗ ಎಲ್ಲಿ ನಿಲ್ಲಿಸಬೇಕು ಅನ್ನುವ ನಿಮ್ಮ ಮೊದಲ ಪ್ರಶ್ನೆ. ನಾನು ಯಾವಾಗಲೂ ಎರಡು ಅಂಕಿ ಬರೆದು ವಿಂಚ್ ಪಕ್ಕ ಅಂಟಿಸುತ್ತೇನೆ. ಒಂದು, ಕೇಬಲ್ ಮತ್ತು ತಿರುವು ತಡೆಯುವ ಮಿತಿ. ಇನ್ನೊಂದು, ಎಲ್ಲ ಸರಿ ಇದ್ದರೆ ಎಷ್ಟು ಬರಬೇಕು ಅನ್ನುವ ಅಂದಾಜು. ಕೆಲಸ ನಿಲ್ಲಿಸುವುದು ಎರಡನೆಯದನ್ನು ನೋಡಿ. 50 ಕೆಜಿ ಬರಬೇಕಾದ ಕಡೆ 100 ಬಂತು ಅಂದರೆ ಮಿತಿ 250 ಇದ್ದರೂ ನಿಲ್ಲಿಸಿ. ಒಳಗೆ ಏನೋ ಆಗಿದೆ. ಪೈಪ್ ಜಾಯಿಂಟ್ ಬಿಟ್ಟಿರಬಹುದು, ಕಲ್ಲು ಬಿದ್ದಿರಬಹುದು, ಡ್ರಮ್ ಜಾಕಿ ಬಿಗಿದಿರಬಹುದು. ಮಿತಿ ದಾಟಲಿಲ್ಲ ಅಂತ ಎಳೆಯುತ್ತಾ ಹೋದರೆ ಆ ಕಲ್ಲು ಸಿಪ್ಪೆಯನ್ನು ಉದ್ದಕ್ಕೂ ಸೀಳುತ್ತದೆ.

ಹಾಂ, ಇನ್ನೊಂದು. ಅಮೆರಿಕದ ಪಟ್ಟಿ ನೋಡಿದರೆ ತಾಮ್ರಕ್ಕೆ ಸ್ಕ್ವೇರ್ ಎಂಎಂಗೆ ಸುಮಾರು 70 ನ್ಯೂಟನ್ ಬರುತ್ತದೆ, ನಮ್ಮದು 50. ಜಾಸ್ತಿ ಇರುವುದನ್ನು ಆರಿಸಿಕೊಳ್ಳಬೇಡಿ. ನಮ್ಮ ಕೇಬಲ್ ನಮ್ಮ ಸ್ಟ್ಯಾಂಡರ್ಡ್‌ಗೆ ಮಾಡಿದ್ದು.

ತಿಪಟೂರು ಸೈಟ್

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹೊಸ ಕೇಬಲ್ ನನ್ನ ಖರ್ಚಿನಲ್ಲೇ ತಂದೆ. ಎಲ್ಬೋ ತೆಗೆದು 600 ಎಂಎಂ ರೇಡಿಯಸ್‌ನ ಲಾಂಗ್ ಬೆಂಡ್ ಹಾಕಿದೆ. ಡ್ರಮ್ ಅನ್ನು ಪ್ಯಾನೆಲ್ ರೂಮ್ ಪಕ್ಕಕ್ಕೆ ಉರುಳಿಸಿಕೊಂಡು ಬರಲು ಅರ್ಧ ದಿನ ಹಿಡಿಯಿತು. ಪೈಪ್‌ಗೆ ಬಟ್ಟೆ ಉಂಡೆ ಎಳೆದಾಗ ಒಂದು ಬೊಗಸೆ ಜಲ್ಲಿ ಹೊರಗೆ ಬಂತು, ಲೈನ್‌ಮ್ಯಾನ್ ಅಣ್ಣನ ಮಾತು ನೆನಪಾಯಿತು.

ಜೆಲ್ ಹಾಕಿದ್ದಕ್ಕೆ ಘರ್ಷಣೆ 0.25 ಅಂತ ಹಿಡಿದೆ. 10 ಮೀಟರ್‌ಗೆ 5 ಕೆಜಿ, ಬೆಂಡ್‌ನಲ್ಲಿ ಒಂದೂವರೆ ಪಟ್ಟಾಗಿ ಏಳೂವರೆ, ಆಮೇಲೆ 40. ಅಂದಾಜು 48 ಕೆಜಿ. 600 ಎಂಎಂ ಬೆಂಡ್‌ನ ಮಿತಿ 264. ನಿಲ್ಲಿಸುವುದು 100ಕ್ಕೆ ಅಂತ ರಟ್ಟಿನ ಮೇಲೆ ಬರೆದು ಕೈ ವಿಂಚ್‌ಗೆ ಕಟ್ಟಿದೆ. ಮಂಡಿಯ ತಕ್ಕಡಿ ಬಾಡಿಗೆಗೆ ತಂದಿದ್ದೆ.

ಅರ್ಧ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಒಮ್ಮೆ 70 ತೋರಿಸಿ ಎದೆ ಧಸಕ್ ಅಂತು, ಆಮೇಲೆ ಇಳಿಯಿತು. ಕೊನೆಯಲ್ಲಿ 58ರಿಂದ 62. ಅಂದಾಜಿಗಿಂತ ಸ್ವಲ್ಪ ಜಾಸ್ತಿ ಯಾಕೆ ಬಂತು?

ಮೆಗ್ಗರ್ ಮೂರೂ ಫೇಸ್ 500 ಮೆಗಾಓಮ್ ದಾಟಿದೆ. ತುದಿಯಲ್ಲಿ ಸಾಕ್ಸ್ ಇದ್ದ ಒಂದು ಮೀಟರ್ ಕುಯ್ದು ಬಿಸಾಡಿದೆ.

ಮಸ್ಕತ್ ಕನ್ನಡಿಗ

ಬಹಳ ಸಂತೋಷ ಆಯಿತು. ಆ ಜಾಸ್ತಿ ಡ್ರಮ್‌ದು. ಡ್ರಮ್ ತಿರುಗಲು 6 ಕೆಜಿ ಹಿಡಿದರೂ ಬೆಂಡ್ ದಾಟುವಾಗ 9 ಆಗುತ್ತದೆ. ಇಬ್ಬರು ಡ್ರಮ್ ಹತ್ತಿರ ನಿಂತು ಕೈಯಿಂದ ತಿರುಗಿಸಿ ಕೇಬಲ್ ಒಳಗೆ ತಳ್ಳುತ್ತಿದ್ದರೆ ಅದೂ ಇಳಿಯುತ್ತದೆ. ನಿಂತ ಕೇಬಲ್ ಹೊರಡಿಸಲು ಓಡುವ ಕೇಬಲ್‌ಗಿಂತ ಜಾಸ್ತಿ ಎಳೆತ ಬೇಕು, 70 ಬಂದದ್ದು ಅದಕ್ಕೇ. ಮುಂದಿನ ಸಲ ಊಟ ಮುಗಿಸಿ ಶುರು ಮಾಡಿ, ನಡುವೆ ನಿಲ್ಲಿಸಬೇಡಿ.

ತಿಪಟೂರು ಸೈಟ್

ಆಗಲಿ ಸರ್. ಓನರ್ ಈಗ ಎರಡನೇ ಪಂಪ್ ಬಗ್ಗೆ ಮಾತಾಡುತ್ತಿದ್ದಾರೆ. ಅದೇ ಪೈಪಿನಲ್ಲಿ ಜಾಗ ಇದೆ, ಇನ್ನೊಂದು ಕೇಬಲ್ ಎಳೆಯಬಹುದಾ?

ಹಳೇ ಲೈನ್‌ಮ್ಯಾನ್, ಮಂಡ್ಯ

ಬೇಡ ತಮ್ಮಾ. ನಿಮ್ಮ ಹಳೇ ಎಲ್ಬೋದಲ್ಲಿ ಹಗ್ಗ ಕೊರೆದ ಗೆರೆ ನೋಡಿದಿರಲ್ಲ. ಈಗ ಬೆಂಡ್‌ನಲ್ಲಿ ಹಗ್ಗ ಪೈಪ್ ಮೇಲೆ ಉಜ್ಜುವುದಿಲ್ಲ, ಮೊದಲೇ ಮಲಗಿರುವ ಕೇಬಲ್ ಮೇಲೆ ಉಜ್ಜುತ್ತದೆ. ಹಗ್ಗ, ಅದರ ಹಿಂದೆ ಹೊಸ ಕೇಬಲ್ ಒಂದೇ ಜಾಗದಲ್ಲಿ ಉಜ್ಜುತ್ತಾ ಹಾದುಹೋದರೆ ಸಿಪ್ಪೆ ಉಳಿಯುವುದಿಲ್ಲ.

ತಿಪಟೂರು ಸೈಟ್

ಸರಿ ಅಣ್ಣಾ. ಎರಡನೇ ಪೈಪ್‌ಗೆ ನಾಳೆಯೇ ಕೊಟೇಶನ್ ಕೊಡುತ್ತೇನೆ. ಬೆಂಡ್ 600 ಎಂಎಂ ಅಂತಲೇ ಬರೆಯುತ್ತೇನೆ.